ಕಡಲು ಎದ್ದಾಗ ಆಳಸಮುದ್ರಕ್ಕೆ ಹೋಗಿ ಬರುವುದು ಹೇಗೆ: ಹೊಸ ತಂಡೇಲರಿಗೆ, ಕಲಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಜೂನ್ 1ರಿಂದ ಲೆಕ್ಕ ಹಾಕಿದರೆ 61 ದಿನ. ಅಷ್ಟು ದಿನ ಮಲ್ಪೆಯ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳಿಗೆ ಹೊಸ ಬಣ್ಣ, ಹೊಸ ರೋಪು ಬಂದಿರುತ್ತದೆ. ಸಾಲದ ಕಂತು ತಲೆ ಮೇಲೆ ಕೂತಿರುತ್ತದೆ. ಆದರೆ ಕ್ಯಾಲೆಂಡರ್ ನೋಡಿ ಕಡಲು ತಣ್ಣಗಾಗುವುದಿಲ್ಲ ಅಲ್ವಾ? ಆಗಸ್ಟ್ ಪೂರ್ತಿ, ಕೆಲವು ವರ್ಷ ಸೆಪ್ಟೆಂಬರ್ ಅರ್ಧದವರೆಗೂ ತೂಫಾನ್ ಇದ್ದೇ ಇರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆ ಹೊತ್ತು ಗುಡ್ಡದ ಕಡೆಯಿಂದ ಗುಡುಗಿನ ಗಾಳಿ ಬೀಸುತ್ತದೆ. ಮೇ ತಿಂಗಳಲ್ಲಿ ಚಂಡಮಾರುತದ ಭಯ.

ನಾನು ಹನ್ನೊಂದು ವರ್ಷ ಬಲೆ ಎಳೆಯುವ ಟ್ರಾಲ್ ಬೋಟಿನಲ್ಲಿ ಕಲಾಸಿಯಾಗಿ, ಅಂದರೆ ಡೆಕ್ಕಿನ ಕೆಲಸಗಾರನಾಗಿ ದುಡಿದು, ಆಮೇಲೆ ಬೋಟು ನಡೆಸುವ ತಂಡೇಲನಾಗಿ ಚುಕ್ಕಾಣಿ ಹಿಡಿದವನು. ಈಗ ನಮ್ಮ ಕಡೆ ಹುಡುಗರು ಎರಡು ಮೂರು ವರ್ಷಕ್ಕೇ ತಂಡೇಲರಾಗುತ್ತಿದ್ದಾರೆ. ಅವರಿಗೆ ಮೀನು ಎಲ್ಲಿ ಸಿಗುತ್ತದೆ ಎಂದು ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಕಡಲು ಎದ್ದಾಗ ಬೋಟನ್ನೂ ಜನರನ್ನೂ ವಾಪಸ್ ತರುವುದು ಹೇಗೆ ಎಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಂಡ ಅಪಾಯಗಳಲ್ಲಿ ಹೆಚ್ಚಿನವು ಅಲೆ ದೊಡ್ಡದಾಗಿದ್ದಕ್ಕೆ ಆದದ್ದಲ್ಲ. ತೀರ್ಮಾನ ತಡವಾದದ್ದಕ್ಕೆ ಆದದ್ದು. "ಇನ್ನೊಂದು ಬಲೆ ಎಳೆದು ಹೋಗೋಣ" ಎನ್ನುವ ಒಂದು ಮಾತು ಎಷ್ಟು ಬೋಟುಗಳನ್ನು ಸಂಕಟಕ್ಕೆ ದೂಡಿದೆ ಎಂದು ದಕ್ಕೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಏನು ಮಾಡಬೇಕು ಎನ್ನುವಷ್ಟೇ, ಯಾವಾಗ ಮಾಡಬೇಕು ಎನ್ನುವುದನ್ನೂ ಗಮನಿಸಿ.

ಹೆಜ್ಜೆ 1: ಮುನ್ಸೂಚನೆಯನ್ನು ಸರಿಯಾಗಿ ಓದಿ

ಎರಡು ಕಡೆಯಿಂದ ಮಾಹಿತಿ ತೆಗೆದುಕೊಳ್ಳಿ. ಹವಾಮಾನ ಇಲಾಖೆ ಮೀನುಗಾರರಿಗೆಂದೇ ಎಚ್ಚರಿಕೆ ಕೊಡುತ್ತದೆ. ಅದರಲ್ಲಿ ಗಾಳಿಯ ವೇಗ ಇರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಅಲೆ ಬರುವ ದಿಕ್ಕು, ಪ್ರವಾಹ ಇವನ್ನೆಲ್ಲ ಕೊಡುತ್ತದೆ. ಮೀನು ಎಲ್ಲಿ ಸಿಗಬಹುದು ಎಂದು ಹೇಳುವುದೂ ಅದೇ ಸಂಸ್ಥೆ. ಮೀನಿನ ಜಾಗ ಮಾತ್ರ ನೋಡಿ ಅಲೆಯ ಪುಟ ಬಿಟ್ಟು ಹೋಗುವವರನ್ನು ನಾನು ನೋಡಿದ್ದೇನೆ. ಎರಡನ್ನೂ ಒಟ್ಟಿಗೆ ನೋಡಬೇಕು.

ಇಲಾಖೆ ಬಳಸುವ ಪದಗಳಿಗೆ ಲೆಕ್ಕ ಇದೆ. ಕಡಲು "ಪ್ರಕ್ಷುಬ್ಧ" ಎಂದರೆ ಅಲೆ 2.5ರಿಂದ 4 ಮೀಟರ್. "ಅತಿ ಪ್ರಕ್ಷುಬ್ಧ" ಎಂದರೆ 4ರಿಂದ 6 ಮೀಟರ್. ಗಾಳಿ "ಗಂಟೆಗೆ 45ರಿಂದ 55 ಕಿ.ಮೀ., ಕೆಲವೊಮ್ಮೆ 65" ಎಂದು ಬರೆದಿದ್ದರೆ ಮೀನುಗಾರರು ಹೋಗಬಾರದು ಎಂದೇ ಅರ್ಥ. ಆ ದಿನ ಚರ್ಚೆ ಬೇಡ. ದಕ್ಕೆಯಲ್ಲೇ ಇರಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಮುನ್ಸೂಚನೆಯಲ್ಲಿ "ಅಲೆ 3 ಮೀಟರ್" ಎಂದರೆ ಅದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಹಾಕಿದ ಸರಾಸರಿ. ನಡುವೆ ಒಂದೊಂದು ಅಲೆ ಅದರ ಸುಮಾರು ಎರಡರಷ್ಟು ಬರಬಹುದು. 3 ಮೀಟರ್ ಎಂದು ಬರೆದ ದಿನ, ರಾತ್ರಿ ಯಾವುದೋ ಹೊತ್ತಿನಲ್ಲಿ 5-6 ಮೀಟರಿನ ಒಂದು ಅಲೆ ಎದುರು ನಿಂತರೆ ಅದು ಆಶ್ಚರ್ಯ ಅಲ್ಲ. ಬೋಟನ್ನು ಆ ಒಂದು ಅಲೆಗೆ ಸಿದ್ಧ ಮಾಡಬೇಕು.

ಎರಡು ಅಲೆಗಳ ನಡುವಿನ ಸಮಯವನ್ನೂ ನೋಡಿ. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಮುದ್ರದಲ್ಲಿ ಎದ್ದ ಉಬ್ಬು ನಮ್ಮ ತೀರಕ್ಕೆ ಬರುತ್ತದೆ. ಕೇರಳದವರು ಅದಕ್ಕೆ ಕಲ್ಲಕ್ಕಡಲ್ ಅನ್ನುತ್ತಾರೆ. ಹೊರಗೆ ಆಳದಲ್ಲಿ ಬೋಟು ಮೆಲ್ಲಗೆ ಎದ್ದು ಇಳಿಯುತ್ತದೆ, ಗೊತ್ತೇ ಆಗುವುದಿಲ್ಲ. ಅದೇ ಉಬ್ಬು, ಹೊಳೆ ಕಡಲು ಸೇರುವ ಅಳಿವೆಯ ಬಾಗಿಲಿಗೆ ಬಂದಾಗ ಗೋಡೆಯ ಹಾಗೆ ನಿಂತು ಒಡೆಯುತ್ತದೆ. ಸಮಯ 15 ಸೆಕೆಂಡಿಗಿಂತ ಜಾಸ್ತಿ ಎಂದಿದ್ದರೆ ಅಳಿವೆ ಬಗ್ಗೆ ಎರಡು ಸಲ ಯೋಚಿಸಿ.

ಬಂದರಿನಲ್ಲಿ ಹಾಕುವ ಸಂಕೇತವನ್ನೂ ನೋಡುವ ಅಭ್ಯಾಸ ಇರಲಿ. 1ನೇ ಸಂಕೇತ ಎಂದರೆ ದೂರದ ಕಡಲಲ್ಲಿ ಏನೋ ತಯಾರಾಗುತ್ತಿದೆ. 3ನೇ ಸಂಕೇತ ಎಂದರೆ ಬಿರುಗಾಳಿ ಬಂದರಿನ ಹತ್ತಿರಕ್ಕೇ ಬಂದಿದೆ.

ಹೆಜ್ಜೆ 2: ವಾಪಸ್ ತಿರುಗುವ ಗೆರೆಯನ್ನು ದಕ್ಕೆಯಲ್ಲೇ ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಕಾಗದ, ಪೆನ್ನು ತೆಗೆದುಕೊಳ್ಳಿ.

ತುಂಬಿದ ಬೋಟು ಸಾಧಾರಣ ಕಡಲಲ್ಲಿ ಗಂಟೆಗೆ 7 ನಾಟಿಕಲ್ ಮೈಲು ಓಡುತ್ತದೆ ಎಂದಿಟ್ಟುಕೊಳ್ಳಿ. ನೀವು ದಡದಿಂದ 40 ನಾಟಿಕಲ್ ಮೈಲು ಹೊರಗಿದ್ದೀರಿ. ಅಂದರೆ ಸುಮಾರು 74 ಕಿ.ಮೀ. ತಣ್ಣಗಿನ ಕಡಲಲ್ಲಿ ಆರು ಗಂಟೆಯಲ್ಲಿ ದಕ್ಕೆ. ಆದರೆ ಅಲೆ ಎದ್ದಾಗ ಆ ವೇಗ ಸಿಗುವುದಿಲ್ಲ. ಅರ್ಧಕ್ಕೆ ಇಳಿಯುತ್ತದೆ. ಆಗ ಹನ್ನೊಂದರಿಂದ ಹನ್ನೆರಡು ಗಂಟೆ ಬೇಕು. ನಾಳೆ ಮಧ್ಯಾಹ್ನ ಗಾಳಿ ಬರುತ್ತದೆ ಎಂಬ ಸುದ್ದಿ ಇವತ್ತು ರಾತ್ರಿ ಎಂಟಕ್ಕೆ ಬಂದರೆ ನಿಮ್ಮ ಕೈಯಲ್ಲಿ ಇರುವುದು ಹದಿನಾರು ಗಂಟೆ. ರಾತ್ರಿ ಹನ್ನೆರಡಕ್ಕೆ ಬಲೆ ಬಿಟ್ಟು ಮೂರು ಗಂಟೆಗೆ ಎತ್ತಿದರೆ ಉಳಿಯುವುದು ಒಂಬತ್ತೇ ಗಂಟೆ. ಲೆಕ್ಕ ಅಲ್ಲಿಗೆ ಮುಗಿಯಿತು.

ಅದಕ್ಕೆ ನನ್ನ ನಿಯಮ ಹೀಗಿದೆ. ಇರುವ ದೂರವನ್ನು ಅರ್ಧ ವೇಗದಿಂದ ಭಾಗಿಸಿ. ಬಂದ ಗಂಟೆಗೆ ಇನ್ನೂ ಎರಡು ಗಂಟೆ ಸೇರಿಸಿ. ಗಾಳಿ ಬರಲು ಅಷ್ಟೇ ಸಮಯ ಉಳಿದಾಗ ಬಲೆ ಎಲ್ಲೇ ಇರಲಿ, ಮೂತಿ ದಡಕ್ಕೆ ತಿರುಗಬೇಕು. ಇದನ್ನು ಬೋಟಿನ ಯಜಮಾನರ ಎದುರಲ್ಲೇ, ಕಲಾಸಿಗಳೆಲ್ಲ ಇರುವಾಗಲೇ ಹೇಳಿ ಒಪ್ಪಿಸಿ. ಕಡಲಲ್ಲಿ ಮೀನು ಬೀಳುತ್ತಿರುವಾಗ ಇದನ್ನು ಹೊಸದಾಗಿ ಹೇಳಲು ಹೋದರೆ ಯಾರೂ ಕೇಳುವುದಿಲ್ಲ. ನಿಮ್ಮ ಮನಸ್ಸೇ ಕೇಳುವುದಿಲ್ಲ.

2017ರ ಓಖಿ ಚಂಡಮಾರುತವನ್ನು ಮರೆಯಬೇಡಿ. ಎಚ್ಚರಿಕೆ ಬರುವ ಮೊದಲೇ ಕೇರಳ, ಕನ್ಯಾಕುಮಾರಿ ಕಡೆಯ ಎಷ್ಟೋ ಬೋಟುಗಳು ದೂರ ಹೋಗಿಬಿಟ್ಟಿದ್ದವು. ಅವರಿಗೆ ಸುದ್ದಿ ತಲುಪಲೇ ಇಲ್ಲ. ನೀವು ಹತ್ತು ದಿನಕ್ಕೆ ಹೋಗುವವರಾದರೆ ಹೊರಡುವ ದಿನದ ಮುನ್ಸೂಚನೆ ಐದನೇ ದಿನಕ್ಕೆ ಹಳಸಿರುತ್ತದೆ. ದಿನಕ್ಕೆ ಎರಡು ಸಲ ಹೊಸ ಸುದ್ದಿ ಹೇಗೆ ಸಿಗುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಉಪಗ್ರಹದ ಮೂಲಕ ಸಂದೇಶ ಬರುವ ಟ್ರಾನ್ಸ್‌ಪಾಂಡರ್ ಬೋಟಿನಲ್ಲಿದ್ದರೆ ಅದನ್ನು ಆನ್ ಮಾಡಿಯೇ ಇಡಿ. ಇಲ್ಲದಿದ್ದರೆ ದಡದ ಹತ್ತಿರ ಇರುವ ಬೋಟಿನಿಂದ ವಯರ್‌ಲೆಸ್ಸಿನಲ್ಲಿ ಸುದ್ದಿ ದಾಟಿಸುವ ಏರ್ಪಾಡು ಮಾಡಿಕೊಳ್ಳಿ.

ಹೆಜ್ಜೆ 3: ಬೋಟನ್ನು ಮೂಸಿ, ಮುಟ್ಟಿ ನೋಡಿ

ಮೊದಲು ಡೀಸೆಲ್. ಎರಡು ತಿಂಗಳು ನಿಂತ ಬೋಟಿನ ಟ್ಯಾಂಕಿನ ತಳದಲ್ಲಿ ನೀರು, ಕೆಸರು ಕೂತಿರುತ್ತದೆ. ದಕ್ಕೆಯಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಹೊರಗೆ ಹೋಗಿ ಬೋಟು ಕುಣಿಯಲು ಶುರು ಮಾಡಿದಾಗ ಆ ಕೆಸರೆಲ್ಲ ಕದಡಿ ಫಿಲ್ಟರ್‌ಗೆ ಬಂದು ಕಟ್ಟಿಕೊಳ್ಳುತ್ತದೆ. ಎಂಜಿನ್ ಮೊದಲು ಗಂಟಲು ಕಟ್ಟಿದ ಹಾಗೆ ಸದ್ದು ಮಾಡುತ್ತದೆ, ಆಮೇಲೆ ನಿಲ್ಲುತ್ತದೆ. ಎಲ್ಲ ಬಿಟ್ಟು ಅಲೆ ದೊಡ್ಡದಿರುವಾಗಲೇ ಹೀಗೆ ಆಗುವುದಕ್ಕೆ ಕಾರಣ ಇದು. ಟ್ಯಾಂಕಿನ ತಳದ ನಲ್ಲಿ ತೆಗೆದು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಐದು ನಿಮಿಷ ಇಟ್ಟು ನೋಡಿ. ಕೆಳಗೆ ನೀರು ಬೇರೆಯಾಗಿ ನಿಂತರೆ ಅದು ಪೂರ್ತಿ ಹೋಗುವವರೆಗೆ ಹರಿಸಿ. ಕನಿಷ್ಠ ನಾಲ್ಕು ಹೊಸ ಫಿಲ್ಟರ್ ಇರಲಿ. ಎಂಜಿನ್ ನೋಡುವ ಹುಡುಗ ಕತ್ತಲೆಯಲ್ಲಿ, ಒಂದೇ ಟಾರ್ಚಿನಲ್ಲಿ ಅದನ್ನು ಬದಲಿಸಿ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯಲು ಕಲಿತಿರಬೇಕು. ದಕ್ಕೆಯಲ್ಲಿ ಒಮ್ಮೆ ಮಾಡಿಸಿ ನೋಡಿ.

ಆಮೇಲೆ ತಳದ ನೀರು ಎತ್ತುವ ಪಂಪು. ಪಂಪು ಕೆಟ್ಟು ಹೋಗುವುದಕ್ಕಿಂತ ಅದರ ಬಾಯಿಗೆ ಕಸ ಕಟ್ಟುವುದೇ ಜಾಸ್ತಿ. ಗುಟ್ಕಾ ಚೀಟಿ, ಬಲೆಯ ಚೂರು, ಚಿಂದಿ ಬಟ್ಟೆ. ಎಂಜಿನ್ ರೂಮಿನ ತಳವನ್ನು ಕೈ ಹಾಕಿ ತೊಳೆಸಿ. ಕೈಯಿಂದ ಹೊಡೆಯುವ ಪಂಪು ಒಂದು, ಬಕೆಟ್ ನಾಲ್ಕು ಬೇರೆ ಇರಲಿ.

ಡೆಕ್ಕಿನ ಬದಿಯಲ್ಲಿ ನೀರು ಹೊರಗೆ ಹೋಗುವ ಕಿಂಡಿಗಳಿವೆಯಲ್ಲ, ಮೀನು ಜಾರಿ ಹೋಗುತ್ತದೆ ಎಂದು ಕೆಲವರು ಅದಕ್ಕೆ ಚಿಂದಿ, ಹಲಗೆ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೆಕ್ಕ ನೋಡಿ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಡೆಕ್ಕಿನಲ್ಲಿ ಒಂದು ಗೇಣಿಗಿಂತ ಕಡಿಮೆ, ಬರೀ 15 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ ಮೂರು ಟನ್. ಆ ಮೂರು ಟನ್ ಒಂದು ಕಡೆ ನಿಲ್ಲುವುದಿಲ್ಲ. ಬೋಟು ವಾಲಿದ ಕಡೆಗೇ ಓಡುತ್ತದೆ, ಇನ್ನಷ್ಟು ವಾಲಿಸುತ್ತದೆ. ಎತ್ತರದ ಅಲೆಗಿಂತ ಈ ಓಡಾಡುವ ನೀರಿಗೆ ನಾನು ಹೆಚ್ಚು ಹೆದರುತ್ತೇನೆ. ಇದೇ ಕಾರಣಕ್ಕೆ ಅರ್ಧ ತುಂಬಿದ ಟ್ಯಾಂಕುಗಳೂ ಒಳ್ಳೆಯದಲ್ಲ. ಒಂದನ್ನು ಪೂರ್ತಿ ಖಾಲಿ ಮಾಡಿಯೇ ಇನ್ನೊಂದಕ್ಕೆ ಕೈ ಹಾಕಿ.

ಮೀನಿನ ಸ್ಟೋರೇಜಿನ ಮುಚ್ಚಳಕ್ಕೆ ರಬ್ಬರ್ ಇದೆಯೇ, ಬಿಗಿಯಾಗಿ ಕೂರುತ್ತದೆಯೇ ನೋಡಿ. ಐಸ್ ತುಂಬುವಾಗ ಎರಡೂ ಮಗ್ಗುಲಿಗೆ ಸಮ ತುಂಬಿಸಿ, ನಡುವೆ ಹಲಗೆ ಹಾಕಿ. ಬ್ಯಾಟರಿಯನ್ನು, ಗ್ಯಾಸ್ ಸಿಲಿಂಡರನ್ನು, ಬಿಡಿ ಡೀಸೆಲ್ ಕ್ಯಾನುಗಳನ್ನು ಹಗ್ಗದಿಂದ ಕಟ್ಟಿ. ಕ್ಯಾಬಿನ್ ಮೇಲೆ ಹಳೆ ಬಲೆ ರಾಶಿ ಹಾಕಿದ್ದರೆ ಕೆಳಗಿಳಿಸಿ. ಮೇಲಿನ ಭಾರ ಕಡಿಮೆಯಾದಷ್ಟೂ ಬೋಟು ಬೇಗ ನೆಟ್ಟಗಾಗುತ್ತದೆ.

ಹೆಜ್ಜೆ 4: ಜನ

ಎಲ್ಲರಿಗೂ ಲೈಫ್ ಜಾಕೆಟ್ ಬೇಕು. ಲೆಕ್ಕಕ್ಕೆ ಇದ್ದರೆ ಸಾಲದು. ಕ್ಯಾಬಿನ್ ಒಳಗೆ ಅಕ್ಕಿ ಮೂಟೆಯ ಅಡಿಯಲ್ಲಿ ಸಿಕ್ಕಿಕೊಂಡ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಬೆವರುತ್ತದೆ, ಕೆಲಸಕ್ಕೆ ಅಡ್ಡ ಬರುತ್ತದೆ ಎನ್ನುವುದು ನಿಜ. ಆದರೂ ಗಾಳಿ ಎದ್ದ ಮೇಲೆ ಡೆಕ್ಕಿಗೆ ಬರುವವನು ಜಾಕೆಟ್ ಇಲ್ಲದೆ ಬರಬಾರದು ಎನ್ನುವುದನ್ನು ನಿಯಮ ಮಾಡಿ. ತಂಡೇಲನೇ ಮೊದಲು ಹಾಕಿಕೊಂಡರೆ ಹುಡುಗರು ಹಾಕಿಕೊಳ್ಳುತ್ತಾರೆ. ಸೀಟಿ, ಸಣ್ಣ ದೀಪ ಜಾಕೆಟ್ಟಿಗೆ ಕಟ್ಟಿರಲಿ.

ಹೊಸಬರಿಗೆ ಕಡಲ ವಾಂತಿ ಬಂದೇ ಬರುತ್ತದೆ. ವೈದ್ಯರನ್ನು ಕೇಳಿ ಅವೊಮಿನ್ ಥರದ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ಮಾತ್ರೆಗೆ ನಿದ್ದೆ ಬರುತ್ತದೆ. ಆದ್ದರಿಂದ ಅದನ್ನು ನುಂಗಿದವನನ್ನು ವಿಂಚ್ (ಬಲೆಯ ರೋಪ್ ಎಳೆಯುವ ಯಂತ್ರ) ಹತ್ತಿರ ನಿಲ್ಲಿಸಬೇಡಿ. ಡೀಸೆಲ್ ವಾಸನೆಯಿಂದ ದೂರ, ಬೋಟಿನ ಮಧ್ಯದಲ್ಲಿ, ದೂರದ ಕಡಲಂಚು ಕಾಣುವ ಹಾಗೆ ಕೂರಿಸಿ. ಒಣ ಬಿಸ್ಕತ್ತು, ಶುಂಠಿ, ಸ್ವಲ್ಪ ಸ್ವಲ್ಪವೇ ಓಆರ್‌ಎಸ್ ನೀರು.

ಗಾಳಿ ಬರುವ ಮೊದಲೇ ಅಡುಗೆ ಮುಗಿಸಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇದ್ದರೆ ಇಡೀ ರಾತ್ರಿ ನಡೆಯುತ್ತದೆ. ಬೋಟು ಕುಣಿಯುವಾಗ ಒಲೆ ಹಚ್ಚಿ ಕೈಕಾಲು ಸುಟ್ಟುಕೊಂಡವರಿದ್ದಾರೆ. ಹೊಟ್ಟೆ ತುಂಬಿದ, ಎರಡು ಗಂಟೆ ಮಲಗಿ ಎದ್ದ ಕಲಾಸಿ ಒಬ್ಬ, ನಿದ್ದೆಗೆಟ್ಟ ಮೂವರಿಗೆ ಸಮ.

ಹೆಜ್ಜೆ 5: ಅಳಿವೆ ದಾಟುವುದು

ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಅಳಿವೆ, ಗಂಗೊಳ್ಳಿಯ ಪಂಚಗಂಗಾವಳಿ ಅಳಿವೆ, ಇಂಥ ಕಡೆ ಮಳೆಗಾಲದಲ್ಲಿ ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಹೋದ ವರ್ಷದ ಜಿಪಿಎಸ್ ಗೆರೆಯನ್ನು ನಂಬಿ ಹೋಗಬೇಡಿ. ಮೊದಲ ಸಲ ಹಗಲಲ್ಲೇ ಹೋಗಿ.

ನೀರು ಇಳಿಯುವ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಅಲೆ ಒಳಗೆ ಬರುತ್ತದೆ. ಎರಡೂ ಎದುರು ಬದುರಾದಾಗ ಅಲೆಗಳ ನಡುವಿನ ಅಂತರ ಕಡಿಮೆಯಾಗಿ, ಅಲೆ ಕಡಿದಾಗಿ ನಿಲ್ಲುತ್ತದೆ. ಭರತ ಏರಿ ನೀರು ನಿಂತ ಹೊತ್ತೇ ದಾಟಲು ಒಳ್ಳೆಯದು. ದಾಟುವ ಮೊದಲು ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಗೋಡೆ) ಒಳಗೆ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತದೆ. ಆ ಬಿಡುವನ್ನು ಎರಡು ಮೂರು ಸಲ ಎಣಿಸಿ. ಕೊನೆಯ ದೊಡ್ಡ ಅಲೆ ಮುಗಿದ ತಕ್ಷಣ ಹೊರಡಿ. ಮಧ್ಯದಲ್ಲಿ ಮನಸ್ಸು ಬದಲಿಸಿ ತಿರುಗಿಸಲು ಹೋಗಬೇಡಿ. ಮಗ್ಗುಲು ಕೊಟ್ಟ ಬೋಟನ್ನು ಅಳಿವೆಯ ಅಲೆ ಬಿಡುವುದಿಲ್ಲ.

ಹೆಜ್ಜೆ 6: ಹೊರಗೆ ಅಲೆಯನ್ನು ಎದುರಿಸುವುದು

ಒಂಟಿಯಾಗಿ ಹೋಗಬೇಡಿ. ಎರಡು ಮೂರು ಬೋಟು ಒಂದಕ್ಕೊಂದು ವಯರ್‌ಲೆಸ್ ಸಿಗುವಷ್ಟು ದೂರದಲ್ಲಿರಲಿ. ಎರಡು ಗಂಟೆಗೊಮ್ಮೆ ಮಾತಾಡಿ, ಜಾಗ ಹೇಳಿ. 2018ರ ಡಿಸೆಂಬರಿನಲ್ಲಿ ಏಳು ಜನರಿದ್ದ ಮಲ್ಪೆಯ ಸುವರ್ಣ ತ್ರಿಭುಜ ಬೋಟು ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡೆಯ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಆ ಮನೆಗಳವರು ಹೇಗೆ ಕಾದರು ಎನ್ನುವುದು ನಮ್ಮ ಕಡಲ ತೀರದವರಿಗೆಲ್ಲ ಗೊತ್ತು. ಎರಡು ಗಂಟೆಗೊಮ್ಮೆ ಮಾತಾಡಿದರೆ, ಏನಾದರೂ ಆದಾಗ ಎಲ್ಲಿ ಹುಡುಕಬೇಕು ಎನ್ನುವುದಾದರೂ ತಿಳಿದಿರುತ್ತದೆ.

ಗಾಳಿ ಎದ್ದಾಗ ಎದುರಿನ ಅಲೆಗೆ ಮೂತಿಯನ್ನು ನೇರ ಕೊಡುವುದಕ್ಕಿಂತ ಸ್ವಲ್ಪ ಓರೆ ಕೊಡಿ. ಗಡಿಯಾರದಲ್ಲಿ ಅಲೆ ಹನ್ನೆರಡರಿಂದ ಬರುತ್ತಿದ್ದರೆ ನಿಮ್ಮ ಮೂತಿ ಒಂದಕ್ಕೋ ಹನ್ನೊಂದಕ್ಕೋ ಇರಲಿ. ನೇರ ಹೋದರೆ ಬೋಟು ಅಲೆಯ ಮೇಲಿಂದ ಧೊಪ್ಪೆಂದು ಬೀಳುತ್ತದೆ, ಹಲಗೆ ಬಿರಿಯುತ್ತದೆ. ತೀರಾ ಓರೆಯಾದರೆ ಮಗ್ಗುಲಿಗೆ ಹೊಡೆತ. ವೇಗ ಎಷ್ಟು ಬೇಕೆಂದರೆ ಚುಕ್ಕಾಣಿ ಮಾತು ಕೇಳುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ಅಲೆ ಹತ್ತುವಾಗ ಸ್ವಲ್ಪ ಥ್ರಾಟಲ್ ಕೊಡಿ. ತುದಿ ಮುಟ್ಟುವ ಮೊದಲೇ ಇಳಿಸಿ.

ಅಲೆ ಹಿಂದಿನಿಂದ ಬರುವಾಗ ಹೆದರಿಕೆ ಕಡಿಮೆ ಅನಿಸುತ್ತದೆ. ವಾಸ್ತವದಲ್ಲಿ ಆಗಲೇ ಅಪಾಯ ಹೆಚ್ಚು. ಅಲೆ ಬೋಟಿನ ಹಿಂಬದಿಯನ್ನು ಎತ್ತಿ ಮುಂದಕ್ಕೆ ದೂಡುತ್ತದೆ. ಮೂತಿ ನೀರಿಗೆ ಕಚ್ಚುತ್ತದೆ. ಚುಕ್ಕಾಣಿ ಒಮ್ಮೆಗೇ ಹಗುರಾಗುತ್ತದೆ. ಕೈಯಲ್ಲಿ ಆ ಹಗುರ ಗೊತ್ತಾದ ಕ್ಷಣವೇ ವೇಗ ಇಳಿಸಬೇಕು. ಇಲ್ಲದಿದ್ದರೆ ಬೋಟು ಗಿರಕ್ಕನೆ ತಿರುಗಿ ಅಲೆಗೆ ಮಗ್ಗುಲು ಕೊಡುತ್ತದೆ. ಉದ್ದದ ದಪ್ಪ ಹಗ್ಗವನ್ನು, ಅದಕ್ಕೆ ಹಳೆ ಟಯರ್ ಕಟ್ಟಿ, ಹಿಂಬದಿಯಿಂದ ಎಳೆದುಕೊಂಡು ಹೋದರೆ ಬೋಟು ಜಾರುವುದು ಕಡಿಮೆಯಾಗುತ್ತದೆ. ಹಗ್ಗ ಬೋಟಿನ ಅಡಿಯ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತದ ಹಾಗೆ ನೋಡಿಕೊಳ್ಳಿ. ಅಲೆ ತೀರಾ ದೊಡ್ಡದಾದರೆ ದಡದ ಆಸೆ ಬಿಟ್ಟು ಒಂದು ಬಿಡುವು ನೋಡಿ ತಿರುಗಿಸಿ, ಮೂತಿಯನ್ನು ಅಲೆಗೆ ಕೊಟ್ಟು ನಿಧಾನ ಎಂಜಿನ್‌ನಲ್ಲಿ ಅಲ್ಲೇ ನಿಲ್ಲಿ.

ಹೆಜ್ಜೆ 7: ಬಲೆ ಕಚ್ಚಿಕೊಂಡರೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಕಲಾಸಿಯಾಗಿದ್ದಾಗಿನ ಮಾತು. ಅಕ್ಟೋಬರ್, ಕಾರವಾರದ ಆಚೆ, ಸುಮಾರು 25 ಮಾರು ಆಳ. ಸಂಜೆ ಪೂರ್ವದಲ್ಲಿ ಕಪ್ಪು ಮೋಡ ಕಟ್ಟಿತ್ತು. ರಾಣಿಮೀನು ಚೆನ್ನಾಗಿ ಬೀಳುತ್ತಿತ್ತು, ಹಾಗಾಗಿ ಇನ್ನೊಂದು ಎಳೆತಕ್ಕೆ ಬಲೆ ಬಿಟ್ಟೆವು. ಅರ್ಧ ಗಂಟೆಯಲ್ಲಿ ಗಾಳಿ ಬಂತು. ಎತ್ತಲು ವಿಂಚ್ ಹಾಕಿದಾಗ ರೋಪ್ ಬರಲಿಲ್ಲ. ಬಲೆ ತಳದ ಕಲ್ಲಿಗೋ ಹಳೆ ಬೋಟಿನ ಅವಶೇಷಕ್ಕೋ ಕಚ್ಚಿಕೊಂಡಿತ್ತು.

ವಿಂಚ್ ಎಳೆಯುತ್ತಲೇ ಇತ್ತು. ಬಲಗಡೆಯ ರೋಪ್ ತಂತಿಯ ಹಾಗೆ ಬಿಗಿಯಾಗಿ ಸಣ್ಣಗೆ ಶಬ್ದ ಮಾಡತೊಡಗಿತು. ಬೋಟು ನಿಧಾನಕ್ಕೆ ಬಲಕ್ಕೆ ವಾಲಿತು. ಅಲೆಗೆ ಏಳಬೇಕಾದ ಮಗ್ಗುಲು ಏಳಲೇ ಇಲ್ಲ. ಯಾರೋ ಕೆಳಗೆ ಕಟ್ಟಿ ಹಿಡಿದ ಹಾಗಿತ್ತು. ಮುಂದಿನ ಅಲೆ ಡೆಕ್ಕಿಗೆ ನುಗ್ಗಿತು. ಮೊಣಕಾಲ ಮಟ್ಟ ನೀರು, ಅದರಲ್ಲಿ ತೇಲುವ ರಾಣಿಮೀನು, ಐಸಿನ ಬುಟ್ಟಿ. ನಮ್ಮ ತಂಡೇಲಣ್ಣ ಕಿಟಕಿಯಿಂದ ತಲೆ ಹಾಕಿ "ಬ್ರೇಕ್ ಬಿಡು ಮಾರಾಯ, ಎಲ್ಲ ಬಿಡು!" ಎಂದು ಕೂಗಿದರು. ಬ್ರೇಕ್ ಬಿಟ್ಟದ್ದೇ ರೋಪ್ ಡ್ರಮ್ಮಿನಿಂದ ಬುಸುಗುಟ್ಟಿಕೊಂಡು ಓಡಿತು. ಕೊನೆಯ ತುದಿಯನ್ನು ಡ್ರಮ್ಮಿಗೆ ನೈಲಾನ್ ಹಗ್ಗದಿಂದ ಮಾತ್ರ ಕಟ್ಟಿದ್ದರು, ಅದು ಪಟ್ಟನೆ ಹರಿಯಿತು. ಬೋಟು ಎದ್ದು ನಿಂತಿತು. ಬಲೆ, ಅದರ ಬಾಯಿ ಅಗಲಿಸುವ ಬೋರ್ಡು, ರೋಪು, ಲಕ್ಷಗಟ್ಟಲೆ ಮಾಲು ಕಡಲಿಗೆ ಹೋಯಿತು. ಎಂಟು ಜನ ಮನೆಗೆ ಬಂದೆವು.

ಆ ದಿನದಿಂದ ನಾನು ಪಾಲಿಸುವುದು ಇಷ್ಟು. ಬಲೆ ಕಚ್ಚಿದರೆ ಮೊದಲು ವಿಂಚ್ ನಿಲ್ಲಿಸಿ, ರೋಪ್ ಸಡಿಲ ಬಿಡಿ. ಬೋಟಿನ ಹಿಂಬದಿಯಿಂದ ನೇರಕ್ಕೆ ಎಳೆತ ಇರಲಿ, ಮಗ್ಗುಲಿನಿಂದ ಎಂದೂ ಎಳೆಯಬೇಡಿ. ಗಾಳಿ ಇರುವಾಗ ಬಿಡಿಸುವ ಪ್ರಯತ್ನ ಎರಡೇ ಸಲ. ಮೂರನೆಯದಕ್ಕೆ ಜಿಪಿಎಸ್‌ನಲ್ಲಿ ಜಾಗ ಗುರುತು ಹಾಕಿ, ರೋಪಿನ ತುದಿಗೆ ಬೋಯ್ (ತೇಲುವ ಗುರುತು) ಕಟ್ಟಿ, ಬಿಟ್ಟುಬಿಡಿ. ಕಡಲು ತಣ್ಣಗಾದ ಮೇಲೆ ಬಂದು ಹುಡುಕಬಹುದು. ರೋಪಿನ ತುದಿಯನ್ನು ಡ್ರಮ್ಮಿಗೆ ಬೋಲ್ಟ್ ಹಾಕಿ ಬಿಗಿಯಬೇಡಿ. ಕತ್ತಿಯಿಂದ ಕಡಿಯಬಹುದಾದ ಹಗ್ಗದಲ್ಲೇ ಕಟ್ಟಿ. ಹರಿತವಾದ ಕತ್ತಿ ಒಂದು ವಿಂಚ್ ಪಕ್ಕದಲ್ಲೇ ಇರಲಿ. ರೋಪ್ ಬಿಗಿಯಾಗಿರುವಾಗ ಅದರ ಸಾಲಿನಲ್ಲಿ ಯಾರೂ ನಿಲ್ಲಬಾರದು. ಹರಿದ ಸ್ಟೀಲ್ ರೋಪ್ ಕಾಲು ಕತ್ತರಿಸುತ್ತದೆ.

ಕಡಲು ಏಳುತ್ತಿದೆ ಎಂದಾದರೆ ಮೀನಿನ ರಾಶಿಯನ್ನು ಡೆಕ್ಕಿನಲ್ಲಿ ಇಟ್ಟುಕೊಂಡು ವಿಂಗಡಿಸುತ್ತಾ ಕೂರಬೇಡಿ. ಅಂಜಲ್ ಯಾವುದು, ಬೊಂಡಾಸ್ ಯಾವುದು ಎಂದು ಆಮೇಲೆ ನೋಡಬಹುದು. ಎಲ್ಲವನ್ನೂ ಕೆಳಗಿಳಿಸಿ ಮುಚ್ಚಳ ಹಾಕಿ.

ಹೆಜ್ಜೆ 8: ಎಂಜಿನ್ ನಿಂತರೆ

ಮೊದಲ ನಿಮಿಷದಲ್ಲೇ ಪಕ್ಕದ ಬೋಟಿಗೆ ಹೇಳಿ. ರಿಪೇರಿ ಆಗುತ್ತದೆ ಎಂದು ಒಂದು ಗಂಟೆ ಕಾದು ಹೇಳುವುದು ಬೇಡ. ಎಂಜಿನ್ ನಿಂತ ಬೋಟು ತಾನಾಗಿಯೇ ಅಲೆಗೆ ಮಗ್ಗುಲು ಕೊಡುತ್ತದೆ. ಅದನ್ನು ತಪ್ಪಿಸಲು ಮೂತಿಯಿಂದ ಏನಾದರೂ ನೀರಿಗೆ ಬಿಡಬೇಕು. ಹಳೆ ಬಲೆಯ ದೊಡ್ಡ ಗಂಟು, ಹಗ್ಗದಲ್ಲಿ ಕಟ್ಟಿದ ಬುಟ್ಟಿಗಳು, ಟಯರು, ಯಾವುದಾದರೂ ಸರಿ. ಉದ್ದ ಹಗ್ಗದಲ್ಲಿ ಮೂತಿಯಿಂದ ಇಳಿಬಿಟ್ಟರೆ ಅದು ನೀರನ್ನು ಹಿಡಿದು ಮೂತಿಯನ್ನು ಅಲೆಯ ಕಡೆಗೆ ಎಳೆದು ನಿಲ್ಲಿಸುತ್ತದೆ. ಆಳ ಕಡಿಮೆಯಿದ್ದರೆ ಲಂಗರು ಹಾಕಿ. ಹಗ್ಗ ಆಳದ ಏಳು ಪಟ್ಟಾದರೂ ಇರಲಿ. ಅಂದರೆ 10 ಮಾರು ಆಳಕ್ಕೆ 70 ಮಾರು ಹಗ್ಗ. ಗಿಡ್ಡ ಹಗ್ಗದ ಲಂಗರು ಕಚ್ಚುವುದಿಲ್ಲ.

ಫ್ಯಾನಿಗೆ ಬಲೆ ಸುತ್ತಿದ್ದರೆ, ಅಲೆ ಇರುವಾಗ ಯಾರನ್ನೂ ಬೋಟಿನ ಅಡಿಗೆ ಇಳಿಸಬೇಡಿ. ಏಳುತ್ತಾ ಬೀಳುತ್ತಾ ಇರುವ ಬೋಟಿನ ತಳ ತಲೆಗೆ ಹೊಡೆದರೆ ಮುಗಿಯಿತು. ಕಾಯಿರಿ. ಇನ್ನೊಂದು ಬೋಟು ಎಳೆದುಕೊಂಡು ಹೋಗಲಿ.

ಹೆಜ್ಜೆ 9: ಯಾರಾದರೂ ನೀರಿಗೆ ಬಿದ್ದರೆ

ನೋಡಿದವನು ಕೂಗಬೇಕು, ಕೈ ಚಾಚಿ ಅವನನ್ನೇ ತೋರಿಸುತ್ತಾ ನಿಲ್ಲಬೇಕು. ಅವನಿಗೆ ಬೇರೆ ಕೆಲಸ ಹೇಳಬೇಡಿ. ಎರಡು ಮೀಟರ್ ಅಲೆಯಲ್ಲಿ ಒಂದು ತಲೆ ಕಣ್ಣಿಗೆ ಕಾಣುವುದು ಅಲೆಯ ತುದಿಗೆ ಬಂದಾಗ ಮಾತ್ರ. ಕಣ್ಣು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಇನ್ನೊಬ್ಬ ಲೈಫ್ ಬೋಯ್ ಎಸೆಯಲಿ. ತೇಲುವುದು ಏನಿದ್ದರೂ ಎಸೆಯಿರಿ, ಥರ್ಮೋಕೋಲ್, ಖಾಲಿ ಕ್ಯಾನು. ತಂಡೇಲ ಜಿಪಿಎಸ್‌ನಲ್ಲಿ ಜಾಗ ಒತ್ತಲಿ. ತಿರುಗಿ ಬರುವಾಗ ಗಾಳಿಗೆ ಮೂತಿ ಕೊಟ್ಟು ನಿಧಾನಕ್ಕೆ ಹತ್ತಿರ ಬನ್ನಿ. ಅವನು ಪಕ್ಕಕ್ಕೆ ಬಂದ ಕೂಡಲೇ ನ್ಯೂಟ್ರಲ್. ರಿವರ್ಸ್ ಎಂದೂ ಬೇಡ, ಫ್ಯಾನ್ ಅವನ ಹತ್ತಿರ ಇರುತ್ತದೆ. ಹಾರಿ ರಕ್ಷಿಸಲು ಹೋಗುವ ಹುಡುಗನನ್ನು ಹಿಡಿದು ನಿಲ್ಲಿಸಿ. ಹಗ್ಗ ಕಟ್ಟದೆ ಹಾರಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ.

ಹೆಜ್ಜೆ 10: ಸಹಾಯ ಕೇಳಲು ನಾಚಿಕೆ ಬೇಡ

ವಿಎಚ್‌ಎಫ್ ವಯರ್‌ಲೆಸ್ ಸೆಟ್‌ನಲ್ಲಿ 16ನೇ ಚಾನೆಲ್. ಮೂರು ಸಲ "ಮೇಡೇ", ಬೋಟಿನ ಹೆಸರು, ಜಿಪಿಎಸ್ ಅಂಕಿ, ಏನಾಗಿದೆ, ಎಷ್ಟು ಜನ ಇದ್ದೀರಿ. ಇಷ್ಟೇ. ಜಾಗದ ಅಂಕಿಯನ್ನು ಹೆಸರಾದ ಕೂಡಲೇ ಹೇಳಿಬಿಡಿ, ಮಾತು ಅರ್ಧಕ್ಕೆ ಕಡಿದರೂ ಅವರಿಗೆ ಬರುವ ದಾರಿ ಗೊತ್ತಿರುತ್ತದೆ. ಫೋನ್ ಸಿಗುವ ಜಾಗದಲ್ಲಿದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಈ ಎರಡು ಅಂಕಿಯನ್ನು ಕ್ಯಾಬಿನ್ ಗೋಡೆಗೆ ಬಣ್ಣದಲ್ಲಿ ಬರೆಸಿ. ಇಸ್ರೋ ತಯಾರಿಸಿದ, ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಡ್ಯಾಟ್ ಉಪಕರಣ ಇದ್ದರೆ ಅದರ ಗುಂಡಿ ಎಲ್ಲಿದೆ ಎಂದು ಅಡುಗೆಯವನಿಗೂ ಗೊತ್ತಿರಬೇಕು. ಬೋಟು ಮುಳುಗುವಾಗ ತಂಡೇಲನೇ ಬದುಕಿರುತ್ತಾನೆ ಎಂದೇನಿಲ್ಲ.

ಕೈಯಲ್ಲಿ ಹಿಡಿಯುವ ಕೆಂಪು ಫ್ಲೇರನ್ನು (ಉರಿದು ಸಂಕೇತ ಕೊಡುವ ಕಡ್ಡಿ) ಗಾಳಿ ಹೋಗುವ ಕಡೆಯ ಬದಿಯಲ್ಲಿ, ಬೋಟಿನ ಹೊರಕ್ಕೆ ಚಾಚಿ ಹಿಡಿಯಿರಿ. ವಿಮಾನವೋ ಹಡಗೋ ಕಂಡಾಗ ಮಾತ್ರ ಹಚ್ಚಿ. ಅವಧಿ ಮುಗಿದಿದೆಯೇ ಎಂದು ಪ್ರತಿ ಆಗಸ್ಟ್‌ನಲ್ಲಿ ನೋಡಿ.

ಹೆಜ್ಜೆ 11: ಮನೆಯ ದಕ್ಕೆಗೇ ಬರಬೇಕೆಂದಿಲ್ಲ

ಹತ್ತಿರದ ಆಸರೆ ಯಾವುದೋ ಅಲ್ಲಿಗೆ ಹೋಗಿ. ಕಾರವಾರದ ಬೈತಖೋಲ ಬಂದರು ಗುಡ್ಡದ ಮರೆಯಲ್ಲಿದೆ. ಗಾಳಿ ಎದ್ದಾಗ ಗೋವಾ, ಕೇರಳ, ತಮಿಳುನಾಡಿನ ಬೋಟುಗಳೂ ಅಲ್ಲಿ ಬಂದು ನಿಲ್ಲುತ್ತವೆ. ಬೇರೆ ಊರಿನ ಬಂದರಿನಲ್ಲಿ ಮೀನಿಗೆ ದರ ಕಡಿಮೆ ಸಿಗುತ್ತದೆ ಎಂದು ಬಿರುಗಾಳಿಯಲ್ಲಿ 60 ಮೈಲು ಹೆಚ್ಚು ಓಡಿಸಬೇಡಿ.

ಒಳಗೆ ಬರುವಾಗ ಅಳಿವೆ ಮತ್ತೆ ಎದುರಾಗುತ್ತದೆ. ಈ ಸಲ ಅಲೆ ಹಿಂದಿನಿಂದ. ಒಂದು ಅಲೆಯ ಬೆನ್ನ ಮೇಲೆ ಕೂತು, ಅದರ ವೇಗಕ್ಕೇ ಹೊಂದಿಕೊಂಡು ಬನ್ನಿ. ಅದನ್ನು ದಾಟಿ ಮುಂದೆ ಹೋಗಬೇಡಿ, ಹಿಂದಿನದು ಹಿಡಿಯುವಷ್ಟು ನಿಧಾನವೂ ಆಗಬೇಡಿ. ಅಳಿವೆ ಬಾಗಿಲಲ್ಲಿ ಬಿಳಿ ನೊರೆ ಪೂರ್ತಿ ಅಡ್ಡ ಹರಡಿದ್ದರೆ, ಅಥವಾ ಕತ್ತಲಾಗಿದ್ದರೆ, ಹೊರಗೆ ಆಳದಲ್ಲಿ ಮೂತಿ ಅಲೆಗೆ ಕೊಟ್ಟು ಬೆಳಗಿನ ತನಕ ನಿಲ್ಲಿ. ಊರಿನ ದೀಪ ಕಾಣುತ್ತಿರುವಾಗ ಹೊರಗೆ ನಿಲ್ಲುವುದು ತುಂಬಾ ಕಷ್ಟ. ಹುಡುಗರು ಒತ್ತಾಯ ಮಾಡುತ್ತಾರೆ, ಮನೆಯಿಂದ ಫೋನ್ ಬರುತ್ತದೆ. ಆದರೂ ನಿಲ್ಲಿ.

ಹೆಜ್ಜೆ 12: ದಕ್ಕೆ ಮುಟ್ಟಿದ ಮೇಲೆ

ಮೀನು ಇಳಿಸುವ ಮೊದಲು ಎಲ್ಲರೂ ಮನೆಗೆ ಫೋನ್ ಮಾಡಲಿ. ಹೊರಗೆ ಇನ್ನೂ ಇರುವ ಬೋಟುಗಳಿಗೆ ಅಳಿವೆ ಹೇಗಿದೆ, ಯಾವ ಬದಿಯಲ್ಲಿ ಆಳ ಸಿಕ್ಕಿತು ಎಂದು ವಯರ್‌ಲೆಸ್ಸಿನಲ್ಲಿ ಹೇಳಿ. ಆಮೇಲೆ ಎಂಜಿನ್ ರೂಮಿಗೆ ಇಳಿದು ತಳದ ನೀರನ್ನು ಪೂರ್ತಿ ಎತ್ತಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಮತ್ತೆ ನೀರು ಬಂದಿದ್ದರೆ ಎಲ್ಲೋ ಹಲಗೆ ಬಿರಿದಿದೆ, ಅದು ಸರಿಯಾಗುವವರೆಗೆ ಬೋಟು ಹೊರಡಬಾರದು. ಡೀಸೆಲ್ ಫಿಲ್ಟರ್ ಬಿಚ್ಚಿ ಎಷ್ಟು ಕೆಸರು ಬಂದಿದೆ ಎಂದು ನೋಡಿ. ವಿಂಚಿನ ಬ್ರೇಕನ್ನು ಬಿಟ್ಟು ಹಿಡಿದು ಪರೀಕ್ಷಿಸಿ. ಲೈಫ್ ಜಾಕೆಟ್ಟುಗಳನ್ನು ಸಿಹಿನೀರಿನಲ್ಲಿ ತೊಳೆದು, ಕ್ಯಾಬಿನ್ ಮೇಲೆ ನೆರಳಲ್ಲಿ ಒಣಗಿಸಿ, ಒಣಗಿದ ಮೇಲೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ.